‘ಬಗ್ಗೆ’ ಎಲ್ಲಿ ಹೋತ್ರೀ?

ರಾಯಚೂರು ಸೀಮೆಯ ಬಳಗಾನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರಕ್ಕೊಮ್ಮೆ ಎಂಟು-ಹತ್ತು ಹುಡುಗ ಹುಡುಗಿಯರು ಕೂಡುತ್ತಾರೆ. ಎಫ್‌ಡಿಎ, ಪಿಡಿಒ, ಬ್ಯಾಂಕು, ರೈಲ್ವೆ ಎಂದು ಒಬ್ಬೊಬ್ಬರ ಕಣ್ಣು ಒಂದೊಂದು ಪರೀಕ್ಷೆಯ ಮೇಲೆ. ನಾನು ಅವರ ಇಂಗ್ಲಿಷ್ ತಿದ್ದಿಕೊಡುತ್ತೇನೆ. ಕಲಿಸುತ್ತೇನೆ ಅನ್ನುವ ಧೈರ್ಯ ಇನ್ನೂ ಬಂದಿಲ್ಲ. ಹೋದ ವರ್ಷ ಭತ್ತದ ಕೊಯ್ಲು ನಡೆದಿದ್ದ ದಿನಗಳಲ್ಲಿ ಒಮ್ಮೆ, ಸಿಂಧನೂರಿನಲ್ಲಿ ಕೊಂಡು ತಂದಿದ್ದ ‘ಸಾಮಾನ್ಯ ತಪ್ಪುಗಳು’ ಮಾದರಿಯ ಪುಸ್ತಕ ಹಿಡಿದು, ‘ಡಿಸ್ಕಸ್ ಅಬೌಟ್’ ಅನ್ನುವುದು ತಪ್ಪು, ಬರೀ ‘ಡಿಸ್ಕಸ್’ ಸಾಕು ಎಂದೆ. ಎಲ್ಲರೂ ಬರೆದುಕೊಂಡರು. ಹಿಂದೆ ಗೋಡೆಗೆ ಆತು ಕೂತಿದ್ದ ಒಬ್ಬ ಹುಡುಗ ಮಾತ್ರ ಪೆನ್ನು ಎತ್ತಲಿಲ್ಲ.

“ಸರ್, ‘ಬೆಳೆ ವಿಮೆ ಬಗ್ಗೆ ಚರ್ಚೆ ಮಾಡಿದ್ವಿ’ ಅಂತೀವಿ. ಮತ್ತ ಆ ‘ಬಗ್ಗೆ’ ಎಲ್ಲಿ ಹೋತ್ರೀ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಅದರಲ್ಲಿದ್ದದ್ದು ಎರಡು ಸಾಲು: ಒಂದರ ಮುಂದೆ ‘ತಪ್ಪು’, ಇನ್ನೊಂದರ ಮುಂದೆ ‘ಸರಿ’. ಯಾಕೆ ತಪ್ಪು ಎಂದು ಕೇಳುವವನಿಗೆ ಆ ಪುಸ್ತಕದಲ್ಲಿ ಜಾಗ ಇಟ್ಟಿರಲಿಲ್ಲ. “ಇಂಗ್ಲಿಷ್‌ನಲ್ಲಿ ಹಾಗೇ” ಎಂದು ಹೇಳಿ ಮುಂದಿನ ತಪ್ಪಿಗೆ ಹೋದೆ. ಹುಡುಗ ಸುಮ್ಮನಾದ. ಅವನು ಒಪ್ಪಿ ಸುಮ್ಮನಾಗಿರಲಿಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಇಂಥ ಕೈಪಿಡಿಗಳು ಬೇಕೇ ಬೇಡವೇ ಎಂಬುದು ನನ್ನ ಪ್ರಶ್ನೆಯಲ್ಲ. ಬೇಕು. ಆದರೆ ಅವು ಯಾರ ತಪ್ಪುಗಳನ್ನು ನೋಡಿ ಬರೆದ ಪುಸ್ತಕಗಳು ಎಂದು ನಾವು ಕೇಳಿಯೇ ಇಲ್ಲ. ಈ ಜಾತಿಯ ಪುಸ್ತಕಗಳ ಹಿರೀಕರಲ್ಲಿ ಒಂದು ಟಿ. ಜೆ. ಫಿಟಿಕಿಡಿಸ್ ಬರೆದ ‘ಕಾಮನ್ ಮಿಸ್ಟೇಕ್ಸ್ ಇನ್ ಇಂಗ್ಲಿಷ್’. ಅದು ಮೊದಲು ಅಚ್ಚಾದದ್ದು 1936ರಲ್ಲಿ. ಇವತ್ತಿಗೂ ಭಾರತದ ಪೇಟೆಗಳಲ್ಲಿ ಸಿಗುತ್ತದೆ. ಫಿಟಿಕಿಡಿಸ್ ಸೈಪ್ರಸ್ ದ್ವೀಪದ ನಿಕೋಸಿಯಾದಲ್ಲಿ ಇಂಗ್ಲಿಷ್ ಮೇಷ್ಟ್ರು. ಅವರ ಎದುರು ಕೂತಿದ್ದವರು ಮನೆಯಲ್ಲಿ ಗ್ರೀಕ್ ಆಡುವ ಹುಡುಗರು. ಗ್ರೀಕ್ ಭಾಷೆಯಲ್ಲಿ ಇಂಗ್ಲಿಷಿನ ‘ದಿ’ಯಂಥ ಆರ್ಟಿಕಲ್ ಇದೆ, ಮನುಷ್ಯರ ಹೆಸರಿನ ಹಿಂದೆ ಸಹಿತ ಅದನ್ನು ಹಚ್ಚುತ್ತಾರೆ. ಹೀಗಾಗಿ ಆ ಹುಡುಗರು ಬೇಡದ ಕಡೆಯೂ ‘ದಿ’ ಹಾಕುವವರು. ನಮ್ಮ ಹುಡುಗರು ಬೇಕಾದ ಕಡೆಯೂ ಅದನ್ನು ಬಿಡುವವರು, ಯಾಕೆಂದರೆ ಕನ್ನಡದಲ್ಲಿ ಆರ್ಟಿಕಲ್ಲೇ ಇಲ್ಲ. ಒಂದೇ ನಿಯಮ, ಎಡವುವುದು ಎದುರುಬದುರು ದಿಕ್ಕಿನಲ್ಲಿ. ಗ್ರೀಕ್ ಹುಡುಗನಿಗೆ ಹೇಳಬೇಕಾದ ಎಚ್ಚರಿಕೆಯನ್ನು ಬಳಗಾನೂರಿನ ಹುಡುಗಿಗೆ ಹೇಳಿದರೆ, ಅವಳು ಮೊದಲೇ ಬಿಡುತ್ತಿದ್ದ ‘ದಿ’ಯನ್ನು ಇನ್ನಷ್ಟು ಬಿಡುತ್ತಾಳೆ.

ನಮ್ಮ ಮನೆಮಾತಾಗಿರುವ ಇನ್ನೊಂದು ಪುಸ್ತಕ ‘ರೆನ್ ಅಂಡ್ ಮಾರ್ಟಿನ್’. ಅದರ ಪಿ. ಸಿ. ರೆನ್ ಭಾರತದಲ್ಲಿ ಶಿಕ್ಷಣ ಇಲಾಖೆಯ ಕೆಲಸ ಮಾಡಿದವನು. ಫ್ರೆಂಚ್ ಪರದೇಶಿ ದಂಡಿನ ಮರುಭೂಮಿ ಸಾಹಸದ ‘ಬೋ ಜೆಸ್ಟ್’ ಕಾದಂಬರಿಯನ್ನು 1924ರಲ್ಲಿ ಬರೆದವನೂ ಅವನೇ. ಅವನ ಕಾದಂಬರಿ ಓದಿದವರು ಇಲ್ಲಿ ಯಾರೂ ಸಿಗಲಿಲ್ಲ. ವ್ಯಾಕರಣಕ್ಕೆ ಹೆದರಿದವರು ಮನೆಗೊಬ್ಬರು.

ಆಕ್ಸ್‌ಫರ್ಡಿನ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯ ಕಥೆ ನಮಗೆ ಇವೆಲ್ಲಕ್ಕಿಂತ ಹತ್ತಿರದ್ದು. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಪಾಠ ಮಾಡುತ್ತಿದ್ದವರು. ಅವರ ನಿಘಂಟು ಮೊದಲು ಹೊರಬಂದದ್ದು 1942ರಲ್ಲಿ, ಟೋಕಿಯೋದಲ್ಲಿ. ಆರು ವರ್ಷದ ನಂತರ ಆಕ್ಸ್‌ಫರ್ಡ್ ಅದನ್ನು ತನ್ನದಾಗಿಸಿಕೊಂಡಿತು. ಜಪಾನಿ ಭಾಷೆಯಲ್ಲೂ ಆರ್ಟಿಕಲ್ ಇಲ್ಲ, ಕ್ರಿಯಾಪದ ನಮ್ಮಂತೆ ವಾಕ್ಯದ ಕೊನೆಗೇ ಬರುತ್ತದೆ. ಶಬ್ದದ ಅರ್ಥದ ಜೊತೆಗೆ ಅದರ ನಡೆಯನ್ನೂ ಹೇಳುವ ನಿಘಂಟು ಹೊಳೆದದ್ದು ಲಂಡನ್ನಿನಲ್ಲಿ ಕೂತವರಿಗಲ್ಲ, ಪರಭಾಷೆಯ ಮಕ್ಕಳ ಎದುರು ನಿಂತ ಮೇಷ್ಟ್ರಿಗೆ.

ಈಗ ನಮ್ಮ ಮಕ್ಕಳ ತಪ್ಪುಗಳಿಗೆ ಬರೋಣ. ಪಡಸಾಲೆಯಲ್ಲಿ ತಿದ್ದಿದ ಹಾಳೆಗಳನ್ನು ಒಂದು ಕಡೆ ಇಟ್ಟು ನೋಡಿದಾಗ ನನಗೆ ಕಂಡದ್ದು ಇದು: ಅವರ ತಪ್ಪು ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಸರಿಯಾದ ಕನ್ನಡ.

‘ಐ ಯಾಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂದು ಒಬ್ಬಳು ಬರೆದಿದ್ದಳು. ‘ಹತ್ತು ವರ್ಷದಿಂದ ಇಲ್ಲೇ ಅದೀನಿ.’ ಕನ್ನಡದ ಈ ‘ಇಂದ’ ಒಬ್ಬನೇ ಆಳು, ಹತ್ತು ಮನೆಯ ಕೆಲಸ. ಮಸ್ಕಿಯಿಂದ ಬಂದೆ, ಸೋಮವಾರದಿಂದ ಜ್ವರ, ಹತ್ತು ವರ್ಷದಿಂದ ವಾಸ, ಕುಡಗೋಲಿನಿಂದ ಕೊಯ್ದರು, ಮಳೆಯಿಂದ ಬೆಳೆ ಹೋಯಿತು. ಇಂಗ್ಲಿಷ್ ಇದೇ ಕೆಲಸಕ್ಕೆ ‘ಫ್ರಮ್’, ‘ಸಿನ್ಸ್’, ‘ಫಾರ್’, ‘ವಿತ್’, ‘ಬಿಕಾಸ್ ಆಫ್’ ಎಂದು ಐದು ಆಳು ಇಟ್ಟಿದೆ. ಯಾವ ಆಳಿಗೆ ಯಾವ ಕೆಲಸ ಎಂದು ಗೊತ್ತಿಲ್ಲದ ಹುಡುಗಿ ಎದುರಿಗೆ ಸಿಕ್ಕವನನ್ನು ಕರೆದಿದ್ದಾಳೆ. ‘ಅಲ್ಲಿ’ಯದೂ ಇದೇ ಪಾಡು: ರಸ್ತೆಯಲ್ಲಿ, ಊರಿನಲ್ಲಿ, ಬಾಗಿಲಲ್ಲಿ, ಜನವರಿಯಲ್ಲಿ. ಇಂಗ್ಲಿಷಿಗೆ ಇಲ್ಲಿ ‘ಇನ್’, ‘ಆನ್’, ‘ಅಟ್’ ಮೂರೂ ಬೇಕು.

ಇನ್ನು ಕೆಲವು ತಪ್ಪುಗಳಂತೂ ನಮ್ಮ ಸೀಮೆಯವೇ. ಬೆಂಗಳೂರು-ಮೈಸೂರಿನವರು ‘ಅವನನ್ನು ಕೇಳು’ ಅನ್ನುತ್ತಾರೆ, ನಾವು ‘ಅವಗ ಕೇಳು’ ಅನ್ನುತ್ತೇವೆ. ಆದ್ದರಿಂದ ‘ಆಸ್ಕ್ ಟು ಹಿಮ್’ ಎಂಬ ತಪ್ಪು ಮೈಸೂರಿನ ಹುಡುಗನಿಗಿಂತ ನಮ್ಮ ಹುಡುಗನ ಬಾಯಲ್ಲಿ ಸಲೀಸಾಗಿ ಬರುತ್ತದೆ. ‘ನಿನ್ನಿ ಅವರನ್ನ ನೋಡೀನಿ’ ಎಂದು ನಾವು ಆಡುವುದರಲ್ಲಿ ತಪ್ಪೇನಿಲ್ಲ. ಅದನ್ನೇ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಮಾಡಿದರೆ ಅಂಕ ಹೋಗುತ್ತದೆ. ‘ಮೈಸೆಲ್ಫ್ ಬಸವರಾಜ’ ಎಂದು ಪರಿಚಯ ಹೇಳುವವರನ್ನು ಕಂಡು ನಗುವವರಿಗೆ ಕನ್ನಡದಲ್ಲಿ ‘ನಾನು ಬಸವರಾಜ’ ಎಂಬಷ್ಟೇ ಪೂರ್ತಿ ವಾಕ್ಯ, ಅಲ್ಲಿ ಕ್ರಿಯಾಪದ ಬೇಕಿಲ್ಲ ಎಂಬುದು ನೆನಪಿಗೆ ಬರುವುದಿಲ್ಲ. ಮನೆಯಿಂದ ಹೊರಡುವಾಗ ‘ಬರ್ತೀನ್ರಿ’ ಅನ್ನುವವರು ನಾವು. ‘ಹೋಗ್ತೀನಿ’ ಅಂದರೆ ಅಪಶಕುನ ಎಂದು ಹಿರಿಯರು ಗದರುತ್ತಾರೆ. ಒಬ್ಬ ಹುಡುಗ ಸಂದರ್ಶನ ಮುಗಿಸಿ ಎದ್ದವನು ‘ಓಕೆ ಸರ್, ಐ ವಿಲ್ ಕಮ್’ ಎಂದು ಕೈಮುಗಿದು ಬಂದನಂತೆ. ಎಲ್ಲಿಗೆ ಬರುತ್ತಾನೆಂದು ಅವರು ಕಾದರೋ ಏನೋ.

‘ಕಸಿನ್ ಬ್ರದರ್’ ಇದೆಯಲ್ಲ, ಅದು ಪ್ರತಿಯೊಂದು ಕೈಪಿಡಿಯಲ್ಲೂ ತಪ್ಪುಗಳ ಪಟ್ಟಿಯ ಮೊದಲ ಸಾಲಿನಲ್ಲೇ ನಿಂತಿರುತ್ತದೆ. ಬರೀ ‘ಕಸಿನ್’ ಅನ್ನಬೇಕಂತೆ. ನಾನು ಇದನ್ನು ಒಪ್ಪುವುದಿಲ್ಲ. ದೊಡ್ಡಪ್ಪನ ಮಗ, ಚಿಗವ್ವನ ಮಗ ನಮಗೆ ಅಣ್ಣ-ತಮ್ಮ. ಸೋದರತ್ತೆಯ ಮಗ, ಸೋದರಮಾವನ ಮಗ ಅಣ್ಣ-ತಮ್ಮ ಅಲ್ಲ; ಹೆಣ್ಣುಮಗಳೊಬ್ಬಳು ಅವನನ್ನು ಮದುವೆಯಾಗಬಹುದು, ಎಷ್ಟೋ ಮನೆಗಳಲ್ಲಿ ಹುಟ್ಟಿದಾಗಲೇ ಮಾತು ಮುಗಿದಿರುತ್ತದೆ. ಈ ಇಬ್ಬರನ್ನೂ ‘ಕಸಿನ್’ ಎಂಬ ಒಂದೇ ಚೀಲಕ್ಕೆ ತುಂಬುವ ಭಾಷೆಯಲ್ಲಿ ನಮ್ಮ ಹುಡುಗಿ ‘ಹಿ ಈಸ್ ಮೈ ಕಸಿನ್’ ಎಂದರೆ ಅವಳು ಹೇಳಬೇಕಾದದ್ದನ್ನು ಹೇಳಿಯೇ ಇಲ್ಲ. ‘ಬ್ರದರ್’ ಎಂದು ಸೇರಿಸಿದವಳು ಯೋಚಿಸಿಯೇ ಸೇರಿಸಿದ್ದಾಳೆ. ಅದು ಇಂಗ್ಲಿಷಿನ ಕೊರತೆಗೆ ಹಾಕಿದ ತೇಪೆ.

ಹಾಗಾದರೆ ಎಲ್ಲ ತಪ್ಪೂ ಸರಿಯೇ? ಭಾರತೀಯ ಇಂಗ್ಲಿಷ್ ಎಂಬುದೂ ಒಂದು ಇಂಗ್ಲಿಷೇ, ಅದನ್ನು ತಿದ್ದುವುದು ಗುಲಾಮಗಿರಿ ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ನಿಹಲಾನಿ, ಟಂಗ್, ಹೊಸಳಿ ಎಂಬ ಮೂವರು 1979ರಲ್ಲಿ ‘ಇಂಡಿಯನ್ ಅಂಡ್ ಬ್ರಿಟಿಷ್ ಇಂಗ್ಲಿಷ್’ ಎಂಬ ಕೈಪಿಡಿ ಮಾಡಿ, ನಮ್ಮ ಬಳಕೆಯನ್ನೂ ಅವರ ಬಳಕೆಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ದರು. ‘ಪ್ರಿಪೋನ್’ ಎಂದರೆ ಒಂದು ಕಾಲಕ್ಕೆ ನಗುತ್ತಿದ್ದರು, ಈಗ ಆಕ್ಸ್‌ಫರ್ಡ್ ನಿಘಂಟುಗಳಲ್ಲೇ ಇದೆ. ಹಾರ್ನ್‌ಬಿಯವರ ನಿಘಂಟಿನ 2020ರ ಆವೃತ್ತಿಗೆ ಆಧಾರ್, ಡಬ್ಬಾ, ಹರ್ತಾಳ ಎಲ್ಲ ಬಂದು ಕೂತಿವೆ. ಇಷ್ಟೆಲ್ಲ ನಿಜ. ಆದರೆ ‘ತಪ್ಪಾದರೇನು, ಮಾತಾಡಿ’ ಎಂದು ವೇದಿಕೆಯ ಮೇಲೆ ಧೈರ್ಯ ತುಂಬುವವರ ಮಕ್ಕಳು ಆ ತಪ್ಪುಗಳನ್ನು ಮಾಡದ ಶಾಲೆಗಳಲ್ಲಿ ಓದುತ್ತಿರುತ್ತಾರೆ ಎಂಬುದೂ ನಿಜ. ಎರಡೂ ಬಗೆಯ ಇಂಗ್ಲಿಷ್ ಬಲ್ಲವನಿಗೆ ಒಂದನ್ನು ಬಿಡುವ ಸ್ವಾತಂತ್ರ್ಯ ಇದೆ. ಒಂದನ್ನೂ ಸರಿಯಾಗಿ ಅರಿಯದವನಿಗೆ ಅದು ಸ್ವಾತಂತ್ರ್ಯವಲ್ಲ, ಇನ್ನೊಬ್ಬರು ಕೊಟ್ಟ ಸಮಾಧಾನ.

ಕೆಲವು ತಪ್ಪುಗಳು ನಗುವಿಗೇ ನಿಲ್ಲುವುದಿಲ್ಲ. ನಮ್ಮ ಸಂಬಂಧಿಕರ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಪರದೇಶದ ಗಿರಾಕಿಗೆ ‘ಐ ಹ್ಯಾವ್ ಎ ಡೌಟ್ ಇನ್ ಯುವರ್ ಬಿಲ್’ ಎಂದು ಬರೆದ. ನಮಗೆ ಡೌಟ್ ಎಂದರೆ ಪ್ರಶ್ನೆ. ಒಂದನೇ ಇಯತ್ತೆಯಿಂದ ‘ಡೌಟ್ ಇದ್ರ ಕೇಳ್ರಿ’ ಎಂದು ಕೇಳಿಸಿಕೊಂಡು ಬೆಳೆದವರು ನಾವು. ಆ ಕಡೆಯವನಿಗೆ ಡೌಟ್ ಎಂದರೆ ಅನುಮಾನ. ತನ್ನ ಲೆಕ್ಕದ ಮೇಲೆ, ತನ್ನ ಮರ್ಯಾದೆಯ ಮೇಲೆ ಅನುಮಾನ. ಹುಡುಗನ ಮೇಲಿನವರು ಫೋನು ಮಾಡಿ ಸಮಜಾಯಿಷಿ ಹೇಳಬೇಕಾಯಿತು. ‘ಬೈ’ ಎನ್ನಬೇಕಾದಲ್ಲಿ ‘ಅನ್‌ಟಿಲ್’ ಎಂದು ಬರೆದರೆ, ಹದಿನೈದನೇ ತಾರೀಖಿನೊಳಗೆ ಅಕ್ಕಿ ಮುಟ್ಟಿಸುತ್ತೇವೆ ಎಂಬ ಮಾತು, ಹದಿನೈದರವರೆಗೂ ಮುಟ್ಟಿಸುತ್ತಲೇ ಇರುತ್ತೇವೆ ಎಂದಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಸೋನಾ ಮಸೂರಿ ದೂರ ದೂರ ಹೋಗುವ ಕಾಲದಲ್ಲಿ ಇದು ಬರೀ ವ್ಯಾಕರಣದ ಮಾತಾಗಿ ಉಳಿದಿಲ್ಲ.

ಆದ್ದರಿಂದ ನನ್ನ ಮಟ್ಟಿಗೆ ತಪ್ಪುಗಳನ್ನು ಬೇರೆ ಬೇರೆ ಗೂಡಿನಲ್ಲಿ ಇಡಬೇಕು. ಎದುರಿನವನು ಬೇರೆಯೇ ಅರ್ಥ ಮಾಡಿಕೊಳ್ಳುವಂಥವು ಒಂದು ಬಗೆ. ಅವನ್ನು ಇವತ್ತೇ ತಿದ್ದಬೇಕು. ಅರ್ಥ ಕೆಡದಿದ್ದರೂ ಓದಿದವನು ಇವನು ಯಾವ ಊರಿನವನು ಎಂದು ಅಳೆಯುವಂಥವು ಇನ್ನೊಂದು. ಅವನ್ನು ಅರ್ಜಿಯಲ್ಲಿ, ಪರೀಕ್ಷೆಯಲ್ಲಿ ತಿದ್ದಿದರೆ ಸಾಕು, ಗೆಳೆಯರ ನಡುವೆ ಬಿಡಬಹುದು. ಮೂರನೆಯವು ತಪ್ಪುಗಳೇ ಅಲ್ಲ, ಕೈಪಿಡಿ ಬರೆದವರು ತಮ್ಮ ಕಾಲದ ಅಭಿರುಚಿಯನ್ನು ಕಾಯಿದೆ ಮಾಡಿದಂಥವು.

ಈ ಮೂರನೆಯ ಬಗೆ ಸ್ವಾರಸ್ಯದ್ದು. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಎಂದು ನನಗೆ ಹೊಡೆದು ಕಲಿಸಿದ್ದರು. ಇಂಗ್ಲಿಷ್ ಕವಿ ಡ್ರೈಡನ್ 1672ರಲ್ಲಿ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ವಾಕ್ಯಗಳಲ್ಲಿ ಇದನ್ನು ಎತ್ತಿ ಆಡಿದ್ದ. ಲ್ಯಾಟಿನ್ ಕಲಿತವರ ಕಿವಿಗೆ ಹಿತವಾಗಿ ಕೇಳಿಸದಿದ್ದದ್ದು ಕಾಲ ಕಳೆದಂತೆ ಶಾಲೆಯ ಬೆತ್ತವಾಯಿತು. ಎಚ್. ಡಬ್ಲ್ಯು. ಫೌಲರ್ 1926ರಲ್ಲಿ ಇಂಗ್ಲಿಷ್ ಬಳಕೆಯ ತನ್ನ ನಿಘಂಟಿನಲ್ಲಿ ಅದನ್ನು ಮೂಢನಂಬಿಕೆ ಎಂದೇ ಕರೆದ. ಅದಾಗಿ ಸುಮಾರು ನೂರು ವರ್ಷ. ಆ ಸುದ್ದಿ ನಮ್ಮ ಕಡೆಯ ಎಷ್ಟೋ ಗೈಡುಗಳಿಗೆ ಇನ್ನೂ ಮುಟ್ಟಿಲ್ಲ.

ನಗಬೇಡಿ, ಕನ್ನಡ ವ್ಯಾಕರಣವೂ ಇದೇ ದಾರಿ ತುಳಿದಿದೆ. ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಸಿಂಧನೂರಿನ ದೆಸೆಯಿಂದ ಬಸ್ಸು ಬಂತು ಎಂದು ಬಳಗಾನೂರಿನಲ್ಲಿ ಯಾರಾದರೂ ಅಂದದ್ದನ್ನು ಕೇಳಿದ್ದೀರಾ? ಸಂಸ್ಕೃತದಲ್ಲಿ ತೃತೀಯಾ-ಪಂಚಮೀ ಬೇರೆ ಬೇರೆ ಇವೆ, ಆದ್ದರಿಂದ ಕನ್ನಡದಲ್ಲೂ ಇರಲೇಬೇಕು ಎಂದುಕೊಂಡು ಕೂಡಿಸಿದ ಸಾಲು ಅದು. ನಮ್ಮ ಪಾಪದ ‘ಇಂದ’ ಅಷ್ಟೂ ಕೆಲಸವನ್ನು ಒಬ್ಬಂಟಿಯಾಗಿ ಮಾಡುತ್ತಿದ್ದರೂ ಅದರ ಅರ್ಧ ಕೂಲಿಯನ್ನು ‘ದೆಸೆಯಿಂದ’ನ ಹೆಸರಿಗೆ ಬರೆದರು. ಕನ್ನಡಕ್ಕೆ ಬೇಕಾದದ್ದು ಕನ್ನಡದ್ದೇ ವ್ಯಾಕರಣ ಎಂದು ಡಿ. ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದು ಕೇಳಿದ್ದು ಇಂಥ ಕಾರಣಗಳಿಗಾಗಿ.

ಭಾಷೆಯ ತಪ್ಪು-ಒಪ್ಪುಗಳ ಕೈಪಿಡಿ ಎಂಬುದು ನಮಗೆ ಪರದೇಶದಿಂದ ಬಂದ ಸರಕೂ ಅಲ್ಲ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ, ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’, ಒಂದು ಲೆಕ್ಕದಲ್ಲಿ ಅಂಥದ್ದೇ. ಅದರ ಮೊದಲ ಪರಿಚ್ಛೇದ ಹೊರಡುವುದೇ ದೋಷ ಯಾವುದು, ಯಾವುದು ದೋಷವಲ್ಲ ಎಂಬ ವಿಚಾರದಿಂದ. ಅದು ತಿರುಳುಗನ್ನಡದ ನಾಡೆಂದು ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದು. ಅದು ಇವತ್ತಿನ ಕೊಪ್ಪಳ, ನಮ್ಮ ಪಕ್ಕದ ಜಿಲ್ಲೆ. ಯಾವ ಸೀಮೆಯ ಮಾತು ಒಂದು ಕಾಲಕ್ಕೆ ಅಳತೆಗೋಲಾಗಿತ್ತೋ ಅದೇ ಸೀಮೆಯ ಮಕ್ಕಳು ಇವತ್ತು ‘ಹೋಗಾಕತ್ತೀನಿ’ ಎಂದರೆ ಬೆಂಗಳೂರಿನ ಹಾಸ್ಟೆಲಿನಲ್ಲಿ ನಗೆಪಾಟಲು. ಮಾತು ಬದಲಾದದ್ದು ಇದ್ದೇ ಇದೆ. ಅದಕ್ಕಿಂತ ಹೆಚ್ಚಾಗಿ ಗದ್ದುಗೆಯ ಊರು ಬದಲಾಗಿದೆ.

ಗದ್ದುಗೆ ಬದಲಾದದ್ದನ್ನು ನಮ್ಮ ಹಿಂದಿನ ತಲೆಮಾರು ಕಣ್ಣಾರೆ ಕಂಡಿತು. ರಾಯಚೂರು ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ದಫ್ತರದ ಮಾತು, ಓದಿನ ಮಾತು ಉರ್ದು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಶುರುವಾದದ್ದೇ ಉರ್ದು ಮಾಧ್ಯಮದಲ್ಲಿ. ಉರ್ದು ಬಲ್ಲವನ ಯೋಗ್ಯತೆ ಅಳೆಯಲು ಆಗ ಒಂದು ಮಾತಿತ್ತು: ಅವನ ಶೀನ್-ಖಾಫ್ ಸರಿಯಿದೆಯೇ? ಆ ಎರಡು ಅಕ್ಷರಗಳ ಉಚ್ಚಾರ ನೆಟ್ಟಗಿದ್ದರೆ ಅವನು ಓದಿದವನು. ತಮಾಷೆಯೆಂದರೆ ದಖ್ಖನಿನವರು ಖಾಫನ್ನು ತಮ್ಮದೇ ರೀತಿಯಲ್ಲಿ ಉಚ್ಚರಿಸುತ್ತಿದ್ದರು, ಲಖನೌದವರು ಅದಕ್ಕೆ ನಗುತ್ತಿದ್ದರು. ಆ ಖಾಫ್ ಸರಿಮಾಡಿಕೊಳ್ಳಲು ಒದ್ದಾಡಿದ ನಮ್ಮ ಅಜ್ಜಂದಿರ ಬೆವರಿಗೆ ಈಗ ಯಾವ ಕಚೇರಿಯಲ್ಲೂ ಬೆಲೆಯಿಲ್ಲ. ಅರ್ಜಿ, ನಕಲು, ಪಹಣಿ, ಜಮಾಬಂದಿ ಉಳಿದಿವೆ, ಶೀನ್-ಖಾಫ್ ಹೋಯಿತು. ಇಂಗ್ಲಿಷಿನ ಕೈಪಿಡಿ ಹಿಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ಕಲಿಯಬೇಕು, ಆದರೆ ಎದೆ ಒಡೆದುಕೊಂಡು ಕಲಿಯುವಂಥದ್ದೇನೂ ಇಲ್ಲ.

ಕೈಪಿಡಿಯನ್ನು ಬಳಸುವುದು ಹೇಗೆ ಎಂಬ ಮಾತಿಗೆ ಬಂದರೆ, ನಮ್ಮ ದೊಡ್ಡ ನಷ್ಟ ಅಲ್ಲಿದೆ. ನಮ್ಮಲ್ಲಿ ಡಿಕ್ಷನರಿ ಎಂದರೆ ಅರ್ಥ ನೋಡುವ ಪುಸ್ತಕ. ‘ಡಿಸ್ಕಸ್ ಎಂದರೆ ಚರ್ಚಿಸು’ ಎಂದು ಕನ್ನಡ ಅರ್ಥ ಕಂಡಕೂಡಲೇ ಪುಸ್ತಕ ಮುಚ್ಚುತ್ತೇವೆ. ಹಾರ್ನ್‌ಬಿಯವರ ನಿಘಂಟು ಅದೇ ಶಬ್ದದ ಕೆಳಗೆ, ಸಣ್ಣ ಅಕ್ಷರದಲ್ಲಿ, ಇನ್ನೆರಡು ಸಂಗತಿ ಹೇಳಿರುತ್ತದೆ: ಈ ಕ್ರಿಯಾಪದ ಕರ್ಮವನ್ನು ನೇರವಾಗಿ ತೆಗೆದುಕೊಳ್ಳುತ್ತದೆ, ಯಾರ ಜೊತೆ ಎಂಬುದಕ್ಕೆ ‘ವಿತ್’ ಬೇಕು. ‘ಇನ್‌ಫರ್ಮೇಷನ್’, ‘ಫರ್ನಿಚರ್’, ‘ಅಡ್ವೈಸ್’ ಶಬ್ದಗಳ ಪಕ್ಕದಲ್ಲಿ ಇವು ಎಣಿಸಿ ಹೇಳುವಂಥವಲ್ಲ ಎಂಬ ಒಂದಕ್ಷರದ ಗುರುತಿರುತ್ತದೆ. ಕನ್ನಡದಲ್ಲಿ ‘ಮಾಹಿತಿಗಳು’, ‘ಸಲಹೆಗಳು’, ‘ಸಾಮಾನುಗಳು’ ಎಲ್ಲಕ್ಕೂ ‘ಗಳು’ ಹಚ್ಚಬಹುದು. ಹಾಗಾಗಿ ನಮಗೆ ಆ ಒಂದಕ್ಷರ ಅರ್ಥಕ್ಕಿಂತ ಮುಖ್ಯ. ಹತ್ತು ವರ್ಷ ಇಂಗ್ಲಿಷ್ ಕಲಿತು ಬಂದ ನಮ್ಮ ಪಡಸಾಲೆಯ ಮಕ್ಕಳಲ್ಲಿ ಒಬ್ಬರಿಗೂ ಆ ಗುರುತು ಏನೆಂದು ಗೊತ್ತಿರಲಿಲ್ಲ. ಯಾರೂ ತೋರಿಸಿರಲಿಲ್ಲ.

ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ತಪ್ಪಿರುವ ಪುಟ್ಟ ಗದ್ಯಭಾಗ ಕೊಟ್ಟು ತಿದ್ದಲು ಹೇಳುವ ಪ್ರಶ್ನೆ ಬರುತ್ತದೆ, ಯಾವ ಜಾತಿಯ ತಪ್ಪು ಎಂಬ ಸುಳಿವನ್ನೂ ಕೊಟ್ಟಿರುತ್ತಾರೆ. ಮಕ್ಕಳು ಸರಾಗ ಮಾಡುತ್ತಾರೆ. ಬ್ಯಾಂಕಿನ ಪರೀಕ್ಷೆಗೆ ಕೂತವರು ಒಂದು ವಾಕ್ಯದ ನಾಲ್ಕು ತುಂಡಿನಲ್ಲಿ ತಪ್ಪಿರುವ ತುಂಡನ್ನು ಹದ್ದಿನಂತೆ ಹಿಡಿಯುತ್ತಾರೆ. ಅದೇ ಮಕ್ಕಳಿಗೆ ‘ನಿಮ್ಮೂರಿನ ಕಾಲುವೆ ಬಗ್ಗೆ ಹತ್ತು ಸಾಲು ಬರೆಯಿರಿ’ ಎಂದರೆ ಅದೇ ತಪ್ಪುಗಳು ಸಾಲಾಗಿ ಬರುತ್ತವೆ. ಇನ್ನೊಬ್ಬರ ತಪ್ಪನ್ನು ಹಿಡಿಯುವುದು ಒಂದು ವಿದ್ಯೆ, ತನ್ನ ವಾಕ್ಯದ ಮೇಲೆ ತಾನೇ ಅನುಮಾನ ಪಡುವುದು ಬೇರೆಯೇ ವಿದ್ಯೆ. ನಮ್ಮ ಗೈಡುಗಳು ಮೊದಲನೆಯದನ್ನು ಮಾರುತ್ತವೆ. ಈಗ ಮೊಬೈಲಿನಲ್ಲಿ ತಾನಾಗಿಯೇ ತಿದ್ದುವ ಸಾಧನಗಳು ಬಂದಿವೆ, ಅರ್ಜೆಂಟಿಗೆ ಒಳ್ಳೆಯವು. ಆದರೆ ತಪ್ಪಾದದ್ದು ಎಲ್ಲಿ ಎಂದು ತಿಳಿಯುವ ಮೊದಲೇ ತಿದ್ದಿ ಮುಗಿಸಿರುತ್ತವೆ. ನನ್ನ ‘ಕಸಿನ್ ಬ್ರದರ್’ನಿಂದ ‘ಬ್ರದರ್’ನನ್ನು ಮೊಬೈಲು ಕೇಳದೆ ಕಿತ್ತುಹಾಕಿತು.

ನಮ್ಮ ಕಡೆಯ ಕಷ್ಟ ಇನ್ನೂ ಒಂದಿದೆ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆನಿಂತವರ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಬಂಗಾಳಿ. ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ಬಂಗಾಳಿಯಲ್ಲಿ ಅವನು-ಅವಳು ಎಂಬ ಭೇದವಿಲ್ಲ, ಒಂದೇ ಸರ್ವನಾಮ; ಆ ಮನೆಯ ಹುಡುಗ ‘ಹಿ’ ಮತ್ತು ‘ಶಿ’ ಅದಲುಬದಲು ಮಾಡಿದರೆ ಕನ್ನಡದ ಮೇಷ್ಟ್ರಿಗೆ ಅದು ದಡ್ಡತನ ಅನ್ನಿಸುತ್ತದೆ, ಯಾಕೆಂದರೆ ಕನ್ನಡದ ಮಕ್ಕಳು ಅಲ್ಲಿ ಎಡವುವುದಿಲ್ಲ. ಒಂದೇ ಬೆಂಚಿನ ಮೇಲೆ ಕೂತ ಮೂವರು ಮೂರು ಬೇರೆ ಕಾರಣಕ್ಕೆ ತಪ್ಪುತ್ತಾರೆ. ರಾಜ್ಯ ಸರ್ಕಾರ 2019-20ರಿಂದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ತಪ್ಪುವ ವಯಸ್ಸು ಈಗ ಆರಕ್ಕೆ ಇಳಿದಿದೆ. ಇವರಿಗೆಲ್ಲ ಸೈಪ್ರಸ್‌ನಿಂದ ಹೊರಟ ಒಂದೇ ಪಟ್ಟಿ ಸಾಕೇ?

ಪಟ್ಟಿ ಬರೆದವರೂ ತಪ್ಪಬಹುದಲ್ಲ. ಮಸ್ಕಿಯ ಬಂಡೆ ನಮಗೆಲ್ಲ ಹೆಮ್ಮೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಆ ಶಾಸನದಲ್ಲೇ ಅಶೋಕ ಎಂಬ ಹೆಸರು ಮೊದಲು ಓದಲು ಸಿಕ್ಕಿತು. ಅದೇ ಅಶೋಕನ ಹದಿನಾಲ್ಕನೇ ಬಂಡೆಶಾಸನ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲೂ ದೊರೆತಿದೆ. ತನ್ನ ಶಾಸನಗಳನ್ನು ಕೆಲವೆಡೆ ಹಿಗ್ಗಿಸಿ, ಕೆಲವೆಡೆ ಕುಗ್ಗಿಸಿ ಬರೆಸಿದ್ದೇನೆ, ಕೆಲವು ಕಡೆ ಬರೆಯುವವನ ತಪ್ಪಿನಿಂದ ಅರೆಬರೆ ಆಗಿರಲೂಬಹುದು ಎಂದು ಚಕ್ರವರ್ತಿ ಆ ಶಾಸನದಲ್ಲಿ ಹೇಳಿಕೊಳ್ಳುತ್ತಾನೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ, ತಪ್ಪಾಗಿರಬಹುದು ಎಂಬ ಮಾತನ್ನು ತಪ್ಪಿನ ಜೊತೆಯಲ್ಲೇ ಕಲ್ಲಿಗೆ ಕೆತ್ತಿಸಿದವನು! ಇಂಥ ಒಂದು ಸಾಲು ನಮ್ಮ ಕೈಪಿಡಿಗಳ ಮುನ್ನುಡಿಯಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಯಾಕೆ ಎಂದು ಕೇಳುವವನಿಗೂ ಜಾಗ ಇಟ್ಟು ಕನ್ನಡದಲ್ಲಿ ಒಬ್ಬರು ಬರೆದರು. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಬರೆದಾಗ, ಓದುಗರ ಪ್ರಶ್ನೆಯೇ ಅವರ ಪಾಠಕ್ಕೆ ದಾರಿಯಾಗಿತ್ತು. ಯಾರೋ ಒಂದು ಶಬ್ದ ಕೇಳಿದರೆ ಅದರ ಬೇರು, ಅದು ಬಳಕೆಯಲ್ಲಿ ನಡೆದು ಬಂದ ದಾರಿ ತೋರಿಸುತ್ತಿದ್ದರು. ಕನ್ನಡ ಮಾತಾಡುವವರ ಇಂಗ್ಲಿಷಿಗೆ ಅಂಥದ್ದೊಂದು ಕೈಪಿಡಿ ಬೇಕು. ಅದು ‘ಎ’ಯಿಂದ ‘ಝಡ್’ವರೆಗೆ ಹೋಗುವುದು ಬೇಡ; ‘ಅಲ್ಲಿ’, ‘ಇಂದ’, ‘ಇಗೆ’, ‘ಬಗ್ಗೆ’, ‘ತನಕ’, ‘ಅಂತ’ ಎಂದು ನಮ್ಮ ಶಬ್ದಗಳಿಂದ ಹೊರಡಲಿ. ಹುಡುಗಿ ತನ್ನ ತಲೆಯಲ್ಲಿರುವ ಕನ್ನಡ ಶಬ್ದವನ್ನು ತೆಗೆದು ನೋಡಿದರೆ ಅದು ಇಂಗ್ಲಿಷಿನಲ್ಲಿ ಎಷ್ಟು ದಾರಿಯಾಗಿ ಒಡೆಯುತ್ತದೆ ಎಂಬುದು ಕಾಣಬೇಕು.

ಆ ಹುಡುಗನಿಗೆ ಉತ್ತರ ಸಿಕ್ಕಲು ನನಗೆ ಮೂರು ವಾರ ಹಿಡಿಯಿತು. “ಹೊಲ ಸುತ್ತಿ ಬಂದೆ ಅಂತೀಯಲ್ಲ, ‘ಹೊಲದ ಸುತ್ತ ಸುತ್ತಿ ಬಂದೆ’ ಅಂತೀಯೇನು? ಸುತ್ತು ಅನ್ನೋದರೊಳಗ ‘ಸುತ್ತ’ ಅಡಗೇತಿ. ಹಂಗ ‘ಡಿಸ್ಕಸ್’ ಒಳಗ ‘ಬಗ್ಗೆ’ ಅಡಗೇತಿ” ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. “ಆದ್ರ ಸರ್, ನಾ ‘ಚರ್ಚಿಸಿದ್ವಿ’ ಅಂದಿಲ್ಲ. ‘ಚರ್ಚೆ ಮಾಡಿದ್ವಿ’ ಅಂದೀನಿ.” ಅವನು ಹೇಳಿದ್ದು ಸರಿ. ಚರ್ಚೆ ಎಂಬ ನಾಮಪದದ ಜೊತೆ ಇಂಗ್ಲಿಷಿನಲ್ಲೂ ‘ಬಗ್ಗೆ’ ಬರುತ್ತದೆ: ‘ವಿ ಹ್ಯಾಡ್ ಎ ಡಿಸ್ಕಷನ್ ಅಬೌಟ್ ಕ್ರಾಪ್ ಇನ್ಶೂರೆನ್ಸ್’. ಅವನ ಕನ್ನಡ ವಾಕ್ಯಕ್ಕೆ ಅಚ್ಚುಕಟ್ಟಾದ ಜೋಡಿ ಇಂಗ್ಲಿಷಿನಲ್ಲೇ ಇತ್ತು. ನನ್ನ ಪುಸ್ತಕ ತೋರಿಸಿರಲಿಲ್ಲ, ನಾನೂ ಹುಡುಕಿರಲಿಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಇಂಗ್ಲಿಷ್ ಮೇಷ್ಟ್ರುಗಳಲ್ಲಿ, ಅಕ್ಕೋರುಗಳಲ್ಲಿ ನನ್ನದೊಂದು ಕೇಳಿಕೆ. ಈ ಜೂನಿನಿಂದ ಕ್ಲಾಸಿಗೆ ಒಂದು ಇನ್ನೂರು ಪುಟದ ನೋಟುಬುಕ್ಕು ಇಡಿ. ಕೆಂಪು ಗೆರೆ ಎಳೆದ ಪ್ರತಿ ವಾಕ್ಯದ ಪಕ್ಕದಲ್ಲಿ, ಮಗು ಮನಸ್ಸಿನಲ್ಲಿ ಅಂದುಕೊಂಡಿದ್ದ ವಾಕ್ಯವನ್ನು ಅದರ ಮನೆಮಾತಿನಲ್ಲೇ ಬರೆಸಿ: ಕನ್ನಡವೋ, ತೆಲುಗೋ, ಲಂಬಾಣಿಯೋ, ಬಂಗಾಳಿಯೋ. ಹೆಸರು ಬರೆಸಬೇಡಿ, ಅಂಕ ಹಾಕಬೇಡಿ. ವರ್ಷದ ಕೊನೆಗೆ ಬುಕ್ಕು ತುಂಬಿದ್ದರೆ ಬಳಗಾನೂರಿಗೂ ಒಂದು ಝೆರಾಕ್ಸ್ ಕಳಿಸಿ. ಪಡಸಾಲೆಯ ಹುಡುಗರು ಕಾಯುತ್ತಿದ್ದಾರೆ.